ಒಬ್ಬರ ಡೇಟಾ ಇನ್ನೊಬ್ಬರಿಗೆ ಕಾಣದಂತೆ: ಗೋಡೆ ಎಲ್ಲಿ ಹಾಕಬೇಕು?

ಸರ್ವರ್ ಒಂದು, ಕೋಡ್ ಒಂದು, ಬಳಸುವವರು ಸಾವಿರಾರು. ಹೀಗಿರುವಾಗ ಒಬ್ಬರ ಬಿಲ್ ಇನ್ನೊಬ್ಬರ ಸ್ಕ್ರೀನ್ ಮೇಲೆ ಬಂತು ಅಂದರೆ ಅಲ್ಲಿಗೆ ಮುಗಿಯಿತು. ಸೈಟ್ ಒಂದು ಗಂಟೆ ಬಿದ್ದುಹೋದರೆ ಜನ ಬೈದು ಸುಮ್ಮನಾಗುತ್ತಾರೆ. ತಮ್ಮ ಡೇಟಾ ಬೇರೆ ಯಾರೋ ನೋಡಿದರು ಅಂತ ಗೊತ್ತಾದರೆ ಸುಮ್ಮನಾಗುವುದಿಲ್ಲ.

ಡೇಟಾ ಬೇರೆ ಬೇರೆಯಾಗಿ ಇಡುವುದಕ್ಕೆ ಸಾಮಾನ್ಯವಾಗಿ ನಾಲ್ಕು ದಾರಿ ಹೇಳುತ್ತಾರೆ. ಎಲ್ಲರಿಗೂ ಒಂದೇ ಟೇಬಲ್ ಇಟ್ಟು ಪ್ರತಿ ಕ್ವೆರಿಯಲ್ಲೂ (ಡೇಟಾಬೇಸ್‌ಗೆ ಕೇಳುವ ಪ್ರತಿ ಪ್ರಶ್ನೆಯಲ್ಲೂ) ಫಿಲ್ಟರ್ ಹಾಕುವುದು. ಆ ಫಿಲ್ಟರ್ ಹಾಕುವ ಕೆಲಸವನ್ನು ಡೇಟಾಬೇಸ್‌ಗೇ ಬಿಡುವುದು. ಪ್ರತಿ ಟೆನೆಂಟ್‌ಗೂ ಒಂದು ಸ್ಕೀಮಾ, ಅಂದರೆ ಅದೇ ಡೇಟಾಬೇಸ್‌ನೊಳಗೆ ಟೇಬಲ್‌ಗಳ ಒಂದು ಪ್ರತ್ಯೇಕ ಗುಂಪು, ಕೊಡುವುದು. ಅಥವಾ ಪ್ರತಿ ಟೆನೆಂಟ್‌ಗೂ ಪೂರ್ತಿ ಒಂದು ಡೇಟಾಬೇಸ್ ಕೊಡುವುದು. ಟೆನೆಂಟ್ ಅಂದರೆ ಇಲ್ಲಿ ಒಂದೇ ಡೇಟಾವನ್ನು ಹಂಚಿಕೊಂಡು ನೋಡುವ ಗುಂಪು. ಕಂಪನಿಗಳಿಗೆ ಮಾರುವ ಸಾಫ್ಟ್‌ವೇರ್ ಆದರೆ ಒಂದು ಕಂಪನಿ, ಸಾಮಾನ್ಯ ಜನರ ಆ್ಯಪ್ ಆದರೆ ಒಬ್ಬ ಬಳಕೆದಾರ.

ಇವನ್ನು ಹೋಲಿಸುವಾಗ ಖರ್ಚೆಷ್ಟು, ವೇಗವೆಷ್ಟು ಅಂತ ನೋಡುವುದು ರೂಢಿ. ಅದೂ ಬೇಕು. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಅಂತ ನನ್ನ ಅಭಿಪ್ರಾಯ: ತಂಡದಲ್ಲಿ ಯಾರಾದರೂ ಒಂದು ಸಾಲು ಬರೆಯಲು ಮರೆತರೆ ಏನಾಗುತ್ತದೆ? ಏನೂ ಬರುವುದಿಲ್ಲವಾ, ಎರರ್ ಬರುತ್ತದಾ, ಅಥವಾ ಎಲ್ಲರ ಡೇಟಾ ಒಟ್ಟಿಗೆ ಸುರಿಯುತ್ತದಾ? ಯಾವತ್ತೋ ಒಂದು ದಿನ ಯಾರೋ ಮರೆತೇ ಮರೆಯುತ್ತಾರೆ. ಆ ದಿನ ಏನಾಗಬೇಕು ಅನ್ನುವುದನ್ನು ಈಗಲೇ ತೀರ್ಮಾನಿಸಬಹುದು.

ಒಂದೇ ಟೇಬಲ್, ಪ್ರತಿ ಕ್ವೆರಿಗೂ ಫಿಲ್ಟರ್

ಹೆಚ್ಚಿನವರು ಶುರು ಮಾಡುವುದು ಇಲ್ಲಿಂದಲೇ. ಪ್ರತಿ ಟೇಬಲ್‌ನಲ್ಲೂ ಟೆನೆಂಟ್ ಐಡಿ ಅಂತ ಒಂದು ಕಾಲಂ, ಪ್ರತಿ ಕ್ವೆರಿಯಲ್ಲೂ ಅದರ ಮೇಲೆ ಒಂದು ಷರತ್ತು. ಮೈಗ್ರೇಶನ್ (ಟೇಬಲ್‌ಗಳ ರೂಪ ಬದಲಿಸುವ ಕೆಲಸ) ಒಂದೇ ಸಲ ಓಡಿಸಿದರೆ ಸಾಕು, ಕನೆಕ್ಷನ್ ಪೂಲ್ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳ ಗುಂಪು) ಒಂದೇ, ಹೊಸ ಗ್ರಾಹಕರು ಬಂದರೆ ಒಂದು ಸಾಲು ಸೇರಿಸಿದರೆ ಆಯಿತು. ಖರ್ಚಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇಲ್ಲ.

ಮರೆತರೆ? ಎಲ್ಲರದ್ದೂ ಬರುತ್ತದೆ. ಅದೇ ಇದರ ದೌರ್ಬಲ್ಯ.

ಹತ್ತಿರದಿಂದ ನೋಡೋಣ. ಇನ್‌ವಾಯ್ಸ್ ಡೌನ್‌ಲೋಡ್ ಮಾಡುವ ಲಿಂಕ್ ಇದೆ, ಅದರ ಕೊನೆಯಲ್ಲಿ 1042 ಅಂತಿದೆ. ಕೋಡ್ ಮೊದಲು ಲಾಗಿನ್ ಆಗಿದ್ದಾರಾ ಅಂತ ನೋಡುತ್ತದೆ, ಆಮೇಲೆ ಇನ್‌ವಾಯ್ಸ್ ಟೇಬಲ್‌ನಿಂದ 1042 ತೆಗೆದು ಕೊಡುತ್ತದೆ. ಟೆಸ್ಟ್ ಪಾಸಾಗುತ್ತದೆ, ಡೆಮೊ ಚೆನ್ನಾಗಿ ನಡೆಯುತ್ತದೆ. ಒಂದು ದಿನ ಯಾರೋ ಸುಮ್ನೆ ಕುತೂಹಲಕ್ಕೆ 1043 ಅಂತ ಬದಲಿಸಿ ಎಂಟರ್ ಒತ್ತುತ್ತಾರೆ. ಲಾಗಿನ್ ಆಗಿದ್ದಾರಾ? ಹೌದು. ಸರಿ, ತಗೊಳ್ಳಿ, ಬೇರೆಯವರ ಇನ್‌ವಾಯ್ಸ್. ಯಾರು ಅಂತ ಕೇಳಿದ ಕೋಡ್ ಯಾರದು ಅಂತ ಕೇಳಲಿಲ್ಲ. ಇದು ಅಪರೂಪದ ತಪ್ಪೇನಲ್ಲ. ವೆಬ್ ಅಪ್ಲಿಕೇಶನ್‌ಗಳ ಮುಖ್ಯ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆ 2017ರಲ್ಲಿ ಐದನೆಯ ಸ್ಥಾನದಲ್ಲಿಟ್ಟಿದ್ದ ಪ್ರವೇಶ ನಿಯಂತ್ರಣದ ಲೋಪವನ್ನು 2021ರಲ್ಲಿ ಮೊದಲನೆಯ ಸ್ಥಾನಕ್ಕೆ ತಂದಿತು. ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡಲು ಬಳಸುವ ಎಪಿಐಗಳಿಗೆ ಬೇರೆಯಾಗಿ ಮಾಡುವ ಪಟ್ಟಿಯಲ್ಲಂತೂ 2019ರಲ್ಲೂ 2023ರಲ್ಲೂ ಮೊದಲ ಸ್ಥಾನ ಇದೇ ಜಾತಿಯ ತಪ್ಪಿಗೆ.

ಇದಕ್ಕೆ ತಕ್ಷಣ ಹೊಳೆಯುವ ಉಪಾಯ, ಕ್ರಮಸಂಖ್ಯೆ ಬಿಟ್ಟು ಯುಯುಐಡಿ, ಅಂದರೆ ಊಹಿಸಲು ಆಗದಂಥ ಉದ್ದದ ಐಡಿ, ಬಳಸುವುದು. ಬಳಸಿ, ಒಳ್ಳೆಯದೇ. ಊಹಿಸಿ ಹುಡುಕುವವರ ದಾರಿ ಮುಚ್ಚುತ್ತದೆ. ಆದರೆ ಲಿಂಕ್‌ಗಳು ಈಮೇಲ್‌ನಲ್ಲಿ ಹೋಗುತ್ತವೆ, ಲಾಗ್‌ಗಳಲ್ಲಿ ಉಳಿಯುತ್ತವೆ, ಬ್ರೌಸರ್ ಹಿಸ್ಟರಿಯಲ್ಲಿ ಕೂರುತ್ತವೆ. ಐಡಿ ಗೊತ್ತಿರುವುದೇ ಅನುಮತಿ ಅಂತಾದರೆ ಬೀಗವೇ ಇಲ್ಲದ ಹಾಗೆ.

ನಿಜವಾಗಿ ಕೆಲಸ ಮಾಡುವುದು ಕ್ವೆರಿ ಶುರುವಾಗುವ ಜಾಗವನ್ನು ಬದಲಿಸುವುದು. "ಇನ್‌ವಾಯ್ಸ್ ಟೇಬಲ್‌ನಿಂದ 1043 ಕೊಡು" ಅನ್ನುವ ಬದಲು "ಈ ಕಂಪನಿಯ ಇನ್‌ವಾಯ್ಸ್‌ಗಳಲ್ಲಿ 1043 ಇದ್ದರೆ ಕೊಡು" ಅಂತ ಬರೆಯುವುದು. ಆಗ ಬೇರೆಯವರ ಇನ್‌ವಾಯ್ಸ್ ಸಿಗುವುದೇ ಇಲ್ಲ. ಉತ್ತರವಾಗಿ 403 (ಅನುಮತಿ ಇಲ್ಲ) ಕೊಡುವ ಬದಲು 404 (ಸಿಗಲಿಲ್ಲ) ಕೊಡಿ. 403 ಅಂದರೆ "ಇದೆ, ಆದರೆ ನಿಮಗಲ್ಲ" ಅಂತ ಒಪ್ಪಿಕೊಂಡ ಹಾಗೆ. ಇದೆ ಅನ್ನುವುದೂ ಒಂದು ಮಾಹಿತಿಯೇ ಅಲ್ವಾ.

ಅಪ್ಲಿಕೇಶನ್ ಕಟ್ಟಲು ಬಳಸುವ ಫ್ರೇಮ್‌ವರ್ಕ್‌ಗಳಲ್ಲಿ ಇದಕ್ಕೆ ಸೌಲಭ್ಯ ಇದೆ. ಲಾರವೆಲ್‌ನ ಗ್ಲೋಬಲ್ ಸ್ಕೋಪ್, ರೈಲ್ಸ್‌ನ ಡಿಫಾಲ್ಟ್ ಸ್ಕೋಪ್, ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ ಗ್ಲೋಬಲ್ ಕ್ವೆರಿ ಫಿಲ್ಟರ್, ಜ್ಯಾಂಗೊದಲ್ಲಿ ನಾವೇ ಬರೆಯುವ ಮ್ಯಾನೇಜರ್ ಇವೆಲ್ಲ ಈ ಷರತ್ತನ್ನು ತಾವಾಗಿಯೇ ಸೇರಿಸುತ್ತವೆ. ಕೈಯಲ್ಲಿ ಬರೆಯುವುದಕ್ಕಿಂತ ಎಷ್ಟೋ ಮೇಲು. ಆದರೆ ಯಾರಾದರೂ ನೇರವಾಗಿ ಎಸ್‌ಕ್ಯೂಎಲ್ (ಡೇಟಾಬೇಸ್‌ನ ಕ್ವೆರಿ ಭಾಷೆ) ಬರೆದರೆ ಸಾಮಾನ್ಯವಾಗಿ ಇವು ಅಡ್ಡ ಬರುವುದಿಲ್ಲ. ನೇರ ಎಸ್‌ಕ್ಯೂಎಲ್ ಬರೆಯುವುದು ಎಲ್ಲಿ? ರಿಪೋರ್ಟ್‌ಗಳಲ್ಲಿ, ಎಕ್ಸ್‌ಪೋರ್ಟ್‌ಗಳಲ್ಲಿ. ಅಂದರೆ ಡೇಟಾ ಜಾಸ್ತಿ ಹೊರಗೆ ಹೋಗುವ ಜಾಗಗಳಲ್ಲೇ.

ಈ ದಾರಿ ಹಿಡಿಯುವವರು ಮರೆಯಬಾರದ ಇನ್ನೊಂದು ವಿಷಯ ಫಾರಿನ್ ಕೀ, ಅಂದರೆ ಒಂದು ಟೇಬಲ್‌ನ ಸಾಲು ಇನ್ನೊಂದು ಟೇಬಲ್‌ನಲ್ಲಿ ನಿಜವಾಗಿ ಇರುವ ಸಾಲನ್ನೇ ತೋರಿಸಬೇಕು ಅನ್ನುವ ನಿಯಮ. ಆರ್ಡರ್ ಟೇಬಲ್‌ನಿಂದ ಗ್ರಾಹಕರ ಟೇಬಲ್‌ಗೆ ಬರೀ ಐಡಿ ಮೇಲೆ ಫಾರಿನ್ ಕೀ ಹಾಕಿದರೆ, ಒಂದು ಕಂಪನಿಯ ಆರ್ಡರ್ ಇನ್ನೊಂದು ಕಂಪನಿಯ ಗ್ರಾಹಕರನ್ನು ತೋರಿಸಿದರೂ ಡೇಟಾಬೇಸ್ ತಕರಾರು ಮಾಡುವುದಿಲ್ಲ. ಟೆನೆಂಟ್ ಐಡಿ ಮತ್ತು ಐಡಿ ಎರಡನ್ನೂ ಸೇರಿಸಿ ಫಾರಿನ್ ಕೀ ಮಾಡಿದರೆ ಅಂಥ ಸಾಲು ಒಳಗೇ ಬರುವುದಿಲ್ಲ. ಸ್ವಲ್ಪ ಉದ್ದದ ಬರವಣಿಗೆ, ಆದರೆ ಪುಕ್ಕಟೆ ಕಾವಲುಗಾರ.

ಫಿಲ್ಟರ್ ಡೇಟಾಬೇಸ್‌ನ ಕೈಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 9.5 ಆವೃತ್ತಿಯಲ್ಲಿ, ಅಂದರೆ 2016ರ ಆರಂಭದಲ್ಲಿ, ರೋ ಲೆವೆಲ್ ಸೆಕ್ಯುರಿಟಿ ಬಂತು. ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಅದರ 2016ರ ಆವೃತ್ತಿಯಿಂದ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ, ವ್ಯೂಗಳನ್ನು (ಹೆಸರಿಟ್ಟು ಉಳಿಸಿದ ಕ್ವೆರಿಗಳನ್ನು) ಬಳಸಿ ಹೇಗೋ ಸರಿದೂಗಿಸಬೇಕು.

ಟೇಬಲ್ ಮೇಲೆ ಒಂದು ಪಾಲಿಸಿ ಬರೆಯುತ್ತೇವೆ: ಈ ಸಾಲಿನ ಟೆನೆಂಟ್ ಐಡಿ, ಈಗಿನ ಟೆನೆಂಟ್ ಐಡಿಗೆ ಸಮನಾಗಿದ್ದರೆ ಮಾತ್ರ ತೋರಿಸು. ಈಗಿನ ಟೆನೆಂಟ್ ಯಾರು ಅನ್ನುವುದನ್ನು ಪ್ರತಿ ಟ್ರಾನ್ಸಾಕ್ಷನ್‌ನ (ಒಟ್ಟಾಗಿ ನಡೆಯುವ ಕ್ವೆರಿಗಳ ಗುಂಪಿನ) ಶುರುವಿನಲ್ಲಿ ಅಪ್ಲಿಕೇಶನ್ ಒಂದು ಸೆಟ್ಟಿಂಗ್ ಮೂಲಕ ಹೇಳುತ್ತದೆ. ಆಮೇಲೆ ಯಾರು ಎಂಥ ಎಸ್‌ಕ್ಯೂಎಲ್ ಬರೆದರೂ, ರಿಪೋರ್ಟ್ ಆಗಲಿ ಎಕ್ಸ್‌ಪೋರ್ಟ್ ಆಗಲಿ, ಆ ಷರತ್ತು ತಾನಾಗಿಯೇ ಸೇರಿಕೊಳ್ಳುತ್ತದೆ.

ಮರೆತರೆ? ಸೆಟ್ಟಿಂಗ್ ಖಾಲಿ ಇದ್ದರೆ ಹೋಲಿಕೆ ನಲ್ (ಮೌಲ್ಯವೇ ಇಲ್ಲ) ಆಗುತ್ತದೆ, ಒಂದು ಸಾಲೂ ಬರುವುದಿಲ್ಲ. ಕೆಲವೊಮ್ಮೆ ಹಳೆಯ ಟ್ರಾನ್ಸಾಕ್ಷನ್ ಮುಗಿದ ಮೇಲೆ ಆ ಸೆಟ್ಟಿಂಗ್ ನಲ್ ಬದಲು ಖಾಲಿ ಸ್ಟ್ರಿಂಗ್ ಆಗಿ ಉಳಿಯುತ್ತದೆ. ಅದನ್ನು ಯುಯುಐಡಿ ಮಾಡಲು ಹೋದರೆ ಎರರ್ ಬರುತ್ತದೆ. ಮೊದಲ ಸಲ ನೋಡಿದಾಗ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ಆದರೆ ಎರಡರಲ್ಲೂ ಬೇರೆಯವರ ಡೇಟಾ ಹೊರಗೆ ಬರಲಿಲ್ಲ. ಖಾಲಿ ಪುಟದ ಬಗ್ಗೆ ದೂರು ಬಂದರೆ ಸರಿಮಾಡಬಹುದು.

ಇಷ್ಟು ಹೇಳಿದ ಮೇಲೆ ಇದರಲ್ಲಿ ಕಾಲು ಜಾರುವ ಗುಂಡಿಗಳನ್ನೂ ಹೇಳಬೇಕು. ಯಾಕೆಂದರೆ ಇದನ್ನು ಹಾಕಿದ್ದೇವೆ ಅಂದುಕೊಂಡು ನೆಮ್ಮದಿಯಾಗಿರುವ, ಆದರೆ ಅದು ಕೆಲಸವೇ ಮಾಡದಿರುವ ಸಾಧ್ಯತೆ ಬಹಳ.

ಮೊದಲನೆಯದು, ಟೇಬಲ್‌ನ ಮಾಲೀಕ ಬಳಕೆದಾರನಿಗೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಮೈಗ್ರೇಶನ್ ಓಡಿಸುವ ಬಳಕೆದಾರನ ಹೆಸರಿನಲ್ಲೇ ಅಪ್ಲಿಕೇಶನ್ ಕೂಡ ಕನೆಕ್ಟ್ ಆಗುತ್ತಿದ್ದರೆ ಪಾಲಿಸಿ ಬರೀ ಅಲಂಕಾರ. ಟೇಬಲ್ ಮೇಲೆ ಫೋರ್ಸ್ ರೋ ಲೆವೆಲ್ ಸೆಕ್ಯುರಿಟಿ ಹಾಕಬೇಕು, ಇಲ್ಲವೇ ಅಪ್ಲಿಕೇಶನ್‌ಗೆ ಬೇರೆ, ಕಡಿಮೆ ಅಧಿಕಾರದ ಬಳಕೆದಾರ ಬೇಕು. ಎರಡನ್ನೂ ಮಾಡಿ. ಎಲ್ಲ ಅಧಿಕಾರ ಇರುವ ಸೂಪರ್ ಯೂಸರ್‌ಗೆ ಮತ್ತು ಬೈಪಾಸ್ ಅಧಿಕಾರ ಇರುವ ರೋಲ್‌ಗೆ ಫೋರ್ಸ್ ಕೂಡ ತಾಗುವುದಿಲ್ಲ.

ಎರಡನೆಯದು ಕನೆಕ್ಷನ್ ಪೂಲ್. ಇದನ್ನು ನಿಧಾನವಾಗಿ ನೋಡಿ. ರಿಕ್ವೆಸ್ಟ್ ಬಂತು, ಪೂಲ್‌ನಿಂದ ಒಂದು ಕನೆಕ್ಷನ್ ತೆಗೆದೆವು, ಸೆಟ್ ಅಂತ ಬರೆದು ಟೆನೆಂಟ್ 7 ಅಂದೆವು, ಕೆಲಸ ಮುಗಿಸಿ ಕನೆಕ್ಷನ್ ವಾಪಸ್ ಕೊಟ್ಟೆವು. ಸೆಟ್ ಆದದ್ದು ಆ ಕನೆಕ್ಷನ್ ಇರುವವರೆಗೂ ಉಳಿಯುತ್ತದೆ. ಮುಂದಿನ ರಿಕ್ವೆಸ್ಟ್ ಟೆನೆಂಟ್ 9ರದ್ದು, ಅದೇ ಕನೆಕ್ಷನ್ ಸಿಕ್ಕಿತು, ಆ ಕೋಡ್ ಸೆಟ್ ಮಾಡಲು ಮರೆಯಿತು. ಈಗ 9ರವರಿಗೆ 7ರ ಡೇಟಾ. ಸೆಟ್ ಬದಲು ಸೆಟ್ ಲೋಕಲ್ ಬಳಸಿದರೆ ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಅದು ಅಳಿಯುತ್ತದೆ. ಪಿಜಿಬೌನ್ಸರ್ ಅನ್ನುವ ಕನೆಕ್ಷನ್ ಪೂಲರ್ ಅನ್ನು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಬಳಸುವವರಿಗೆ ಇದು ಕಡ್ಡಾಯ ಅಂತಲೇ ತಿಳಿಯಿರಿ.

ವ್ಯೂಗಳೂ ತೂತು ಮಾಡುತ್ತವೆ. ವ್ಯೂ ಸಾಮಾನ್ಯವಾಗಿ ಅದನ್ನು ಮಾಡಿದವರ ಅಧಿಕಾರದಲ್ಲಿ ಓಡುತ್ತದೆ. ಮಾಡಿದವರು ಟೇಬಲ್ ಮಾಲೀಕರಾದರೆ ಪಾಲಿಸಿ ತಪ್ಪಿಹೋಗಬಹುದು. ಪೋಸ್ಟ್‌ಗ್ರೆಸ್ 15ರಿಂದ ಸೆಕ್ಯುರಿಟಿ ಇನ್ವೋಕರ್ ಅನ್ನುವ ಆಯ್ಕೆ ಇದೆ, ಅದನ್ನು ಹಾಕಿ. ಯುನಿಕ್ ಷರತ್ತುಗಳು ಪಾಲಿಸಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈಮೇಲ್ ಎಲ್ಲರಿಗೂ ಸೇರಿ ಒಂದೇ ಇರಬೇಕು ಅಂತ ಹಾಕಿದ್ದರೆ, "ಈ ಈಮೇಲ್ ಈಗಾಗಲೇ ಇದೆ" ಅನ್ನುವ ಎರರ್ ಮೂಲಕವೇ ಇನ್ನೊಂದು ಕಂಪನಿಯಲ್ಲಿ ಯಾರಿದ್ದಾರೆ ಅಂತ ತಿಳಿಯುತ್ತದೆ.

ವೇಗದ ಬಗ್ಗೆ ಭಯ ಬೇಡ. ಟೆನೆಂಟ್ ಐಡಿ ಮೊದಲಿರುವ ಇಂಡೆಕ್ಸ್ ಇದ್ದು, ಪಾಲಿಸಿ ಸರಳವಾಗಿದ್ದರೆ ಸಾಮಾನ್ಯವಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಾಲಿಸಿಯೊಳಗೆ ಇನ್ನೊಂದು ಟೇಬಲ್ ಹುಡುಕುವ ಫಂಕ್ಷನ್ ಹಾಕಿದರೆ ಮಾತ್ರ ಒದ್ದಾಟ ಶುರು.

ಪ್ರತಿಯೊಬ್ಬರಿಗೂ ಒಂದು ಸ್ಕೀಮಾ

ಇದು ನೋಡಲು ಮಧ್ಯದ ದಾರಿ. ಡೇಟಾಬೇಸ್ ಒಂದೇ, ಒಳಗೆ ಪ್ರತಿ ಟೆನೆಂಟ್‌ಗೂ ಅದೇ ಟೇಬಲ್‌ಗಳ ಒಂದು ಕಂತೆ. ಸರ್ಚ್ ಪಾತ್ (ಯಾವ ಸ್ಕೀಮಾದಲ್ಲಿ ಟೇಬಲ್ ಹುಡುಕಬೇಕು ಅನ್ನುವ ಸೆಟ್ಟಿಂಗ್) ಬದಲಿಸಿದರೆ ಟೆನೆಂಟ್ ಬದಲಾದರು. ಹತ್ತಿಪ್ಪತ್ತು ಗ್ರಾಹಕರಿದ್ದಾಗ ಚೆನ್ನಾಗಿರುತ್ತದೆ.

ಸಾವಿರ ಆದಾಗ ಒಂದು ಕಾಲಂ ಸೇರಿಸುವುದು ಅಂದರೆ ಸಾವಿರ ಸಲ ಓಡುವ ಮೈಗ್ರೇಶನ್. ಆರುನೂರನೆಯದರಲ್ಲಿ ನಿಂತುಹೋದರೆ ಅರ್ಧ ಜನ ಹಳೆಯ ರೂಪದಲ್ಲಿ, ಅರ್ಧ ಜನ ಹೊಸದರಲ್ಲಿ. ಐವತ್ತು ಟೇಬಲ್‌ಗಳ ಆ್ಯಪ್ ಆದರೆ ಡೇಟಾಬೇಸ್ ಐವತ್ತು ಸಾವಿರ ಟೇಬಲ್‌ಗಳ ಲೆಕ್ಕ ಇಟ್ಟುಕೊಳ್ಳಬೇಕು. ಬ್ಯಾಕಪ್‌ನಿಂದ ಹಿಡಿದು ಎಲ್ಲವೂ ಭಾರವಾಗುತ್ತದೆ. ಮರೆತರೆ ಏನು ಅನ್ನುವ ಪ್ರಶ್ನೆಗೂ ಉತ್ತರ ಚೆನ್ನಾಗಿಲ್ಲ. ಸರ್ಚ್ ಪಾತ್ ಕೂಡ ಕನೆಕ್ಷನ್‌ಗೆ ಅಂಟಿಕೊಳ್ಳುವ ಸೆಟ್ಟಿಂಗ್. ಹಳೆಯದು ಉಳಿದರೆ ಬೇರೆ ಕಂಪನಿಯ ಪೂರ್ತಿ ಮನೆಯೊಳಗೇ ನಿಂತಿರುತ್ತೇವೆ, ಓದುವುದಷ್ಟೇ ಅಲ್ಲ, ಬರೆಯುವುದೂ ಅಲ್ಲಿಗೇ. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಕೀಮಾ ಅಂದರೂ ಡೇಟಾಬೇಸ್ ಅಂದರೂ ಒಂದೇ, ಹಾಗಾಗಿ ಅಲ್ಲಿ ಈ ಆಯ್ಕೆ ಪ್ರತ್ಯೇಕವಾಗಿ ಇಲ್ಲ.

ಪ್ರತಿಯೊಬ್ಬರಿಗೂ ಒಂದು ಡೇಟಾಬೇಸ್

ಗಟ್ಟಿ ಗೋಡೆ ಇದೇ. ಫಿಲ್ಟರ್ ಮರೆತರೂ ಆ ಡೇಟಾಬೇಸ್‌ನಲ್ಲಿ ಇರುವುದು ಆ ಟೆನೆಂಟ್‌ನ ಡೇಟಾ ಮಾತ್ರ. ಇದರ ನಿಜವಾದ ಬಲ ಗೊತ್ತಾಗುವುದು ಕೆಟ್ಟ ದಿನಗಳಲ್ಲಿ. ಒಂದು ಕಂಪನಿಯವರು ತಪ್ಪಿ ಎಲ್ಲ ಅಳಿಸಿಕೊಂಡು "ನಿನ್ನೆ ಸಂಜೆ ಇದ್ದ ಹಾಗೆ ಮಾಡಿಕೊಡಿ" ಅಂತ ಬಂದರೆ, ಅವರದ್ದೊಂದೇ ಬ್ಯಾಕಪ್ ತೆಗೆದು ಕೂರಿಸಬಹುದು. ಒಂದೇ ಟೇಬಲ್ ಇದ್ದಿದ್ದರೆ ಇಡೀ ಬ್ಯಾಕಪ್ ಬೇರೆ ಕಡೆ ಬಿಚ್ಚಿ, ಅವರ ಸಾಲುಗಳನ್ನು ಹೆಕ್ಕಿ, ಈಗಿನದರ ಜೊತೆ ಹೊಂದಿಸಬೇಕಿತ್ತು. ಗ್ರಾಹಕರು ಬಿಟ್ಟು ಹೋದಾಗ ಅಳಿಸುವುದೂ ಅಷ್ಟೇ ಸುಲಭ. ಒಬ್ಬರ ಭಾರೀ ಕ್ವೆರಿಯಿಂದ ಉಳಿದವರು ನಿಧಾನವಾಗುವುದೂ ತಪ್ಪುತ್ತದೆ, ಆದರೆ ಡೇಟಾಬೇಸ್‌ಗಳು ಬೇರೆ ಬೇರೆ ಯಂತ್ರಗಳಲ್ಲಿದ್ದರೆ ಮಾತ್ರ.

ಬೆಲೆ ತೆರುವುದು ಕನೆಕ್ಷನ್‌ಗಳಲ್ಲಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್‌ಗೂ ಒಂದು ಪ್ರೋಸೆಸ್. ನಾವೇ ಬದಲಿಸದಿದ್ದರೆ ಅದರ ಮಿತಿ 100 ಕನೆಕ್ಷನ್. ಇನ್ನೂರು ಟೆನೆಂಟ್, ತಲಾ ಐದು ಕನೆಕ್ಷನ್, ನಾಲ್ಕು ಅಪ್ಲಿಕೇಶನ್ ಸರ್ವರ್ ಅಂತ ಗುಣಿಸಿ ನೋಡಿ: 4000. ಬಳಸದ ಪೂಲ್ ಮುಚ್ಚುವುದು, ಮಧ್ಯೆ ಪೂಲರ್ ಇಡುವುದು ಅಂತ ಕೆಲಸ ಬೆಳೆಯುತ್ತಾ ಹೋಗುತ್ತದೆ. ಮೈಗ್ರೇಶನ್ ತಲೆನೋವು ಸ್ಕೀಮಾದಷ್ಟೇ. ಎಲ್ಲ ಗ್ರಾಹಕರನ್ನೂ ಸೇರಿಸಿ ಒಂದು ಲೆಕ್ಕ ಬೇಕು ಅಂದರೆ ಅದಕ್ಕೊಂದು ಬೇರೆ ಏರ್ಪಾಡು.

ಎಸ್‌ಕ್ಯೂಲೈಟ್ ಇಲ್ಲಿ ಬೇರೆಯದೇ ಕಥೆ ಹೇಳುತ್ತದೆ. ಪ್ರತಿ ಟೆನೆಂಟ್‌ಗೂ ಒಂದು ಫೈಲ್. ಕನೆಕ್ಷನ್ ಅಂದರೆ ಫೈಲ್ ತೆರೆಯುವುದು ಅಷ್ಟೇ. ಒಂದು ಫೈಲ್‌ಗೆ ಒಮ್ಮೆಗೆ ಒಬ್ಬರೇ ಬರೆಯಬಹುದು ಅನ್ನುವ ಮಿತಿ, ಫೈಲ್ ಒಬ್ಬರದ್ದೇ ಆದಾಗ ಹೆಚ್ಚು ಕಾಡುವುದಿಲ್ಲ. ಒಂದೇ ಯಂತ್ರದಲ್ಲಿ ನಡೆಯುವ ಚಿಕ್ಕ ಅಪ್ಲಿಕೇಶನ್‌ಗೆ ಇದನ್ನು ತಳ್ಳಿಹಾಕಬೇಡಿ.

ಗೋಡೆ ಡೇಟಾಬೇಸ್‌ನಲ್ಲಿ, ಸೋರಿಕೆ ಬೇರೆಲ್ಲೋ

ಇಲ್ಲಿಯವರೆಗಿನ ಹೋಲಿಕೆ ಎಲ್ಲ ಕಡೆ ಸಿಗುತ್ತದೆ. ಆದರೆ ದೊಡ್ಡ ಸುದ್ದಿಯಾದ ಈ ಮೂರು ಪ್ರಕರಣಗಳನ್ನು ನೋಡಿ. ಮೂರರಲ್ಲೂ ಡೇಟಾಬೇಸ್ ಸರಿಯಾಗೇ ಇತ್ತು.

2015ರ ಡಿಸೆಂಬರ್ 25ರಂದು ಗೇಮ್‌ಗಳನ್ನು ಮಾರುವ ಸ್ಟೀಮ್ ತಾಣ ತೆರೆದವರಿಗೆ ಬೇರೆಯವರ ಅಕೌಂಟ್ ಪುಟ ಕಾಣಿಸಿತು. ಸರ್ವರ್ ಮೇಲೆ ದಾಳಿಯಾಗಿತ್ತು, ಅದನ್ನು ತಡೆಯಲು ಕ್ಯಾಶ್ (ಮತ್ತೆ ಬೇಗ ಕೊಡಲು ಇಟ್ಟುಕೊಳ್ಳುವ ನಕಲು) ನಿಯಮಗಳನ್ನು ಬದಲಿಸಿದಾಗ ಒಬ್ಬರಿಗಾಗಿ ತಯಾರಾದ ಪುಟ ಕ್ಯಾಶ್‌ನಲ್ಲಿ ಉಳಿದು ಇನ್ನೊಬ್ಬರಿಗೆ ಹೋಯಿತು. ಸುಮಾರು 34,000 ಜನರ ಮಾಹಿತಿ ಹೀಗೆ ಹೊರಬಿದ್ದಿರಬಹುದು ಅಂತ ಸ್ಟೀಮ್ ನಡೆಸುವ ವಾಲ್ವ್ ಕಂಪನಿಯೇ ಹೇಳಿತು.

2021ರ ಮಾರ್ಚ್ 8ರಂದು ಕೋಡ್ ಇಡುವ ತಾಣ ಗಿಟ್‌ಹಬ್ ಎಲ್ಲರನ್ನೂ ಲಾಗೌಟ್ ಮಾಡಿತು. ಅಪರೂಪದ ಸಂದರ್ಭದಲ್ಲಿ ಒಬ್ಬರ ಲಾಗಿನ್ ಸೆಷನ್ ಇನ್ನೊಬ್ಬರ ಬ್ರೌಸರ್‌ಗೆ ಹೋಗುತ್ತಿತ್ತು. ವೇಗಕ್ಕಾಗಿ ಸ್ವಲ್ಪ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗೆ (ಅದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಇನ್ನೊಂದು ಎಳೆಗೆ) ಕೊಟ್ಟಿದ್ದರು. ಹಳೆಯ ರಿಕ್ವೆಸ್ಟ್‌ನ ಥ್ರೆಡ್ ಇನ್ನೂ ಓಡುತ್ತಿರುವಾಗ ಹೊಸ ರಿಕ್ವೆಸ್ಟ್ ಬಂದರೆ ಎರಡೂ ಒಂದೇ ಆಬ್ಜೆಕ್ಟ್ ಮುಟ್ಟುತ್ತಿದ್ದವು.

2023ರ ಮಾರ್ಚ್ 20ರದ್ದು ನನಗೆ ಎಲ್ಲಕ್ಕಿಂತ ಪಾಠ ಕಲಿಸುವಂಥದ್ದು. ಚಾಟ್‌ಜಿಪಿಟಿಯಲ್ಲಿ ಕೆಲವರಿಗೆ ಬೇರೆಯವರ ಸಂಭಾಷಣೆಗಳ ಶೀರ್ಷಿಕೆ ಕಂಡವು. ಕಾರಣ ಪೈಥಾನ್‌ನ ರೆಡಿಸ್ (ಇಲ್ಲಿ ಕ್ಯಾಶ್ ಆಗಿ ಬಳಸಿದ ಡೇಟಾ ಸಂಗ್ರಹ) ಲೈಬ್ರರಿಯಲ್ಲಿದ್ದ ಬಗ್. ಒಂದು ರಿಕ್ವೆಸ್ಟ್ ರೆಡಿಸ್‌ಗೆ ಪ್ರಶ್ನೆ ಕಳಿಸುತ್ತದೆ, ಉತ್ತರ ಓದುವ ಮೊದಲೇ ರದ್ದಾಗುತ್ತದೆ. ಕನೆಕ್ಷನ್ ಪೂಲ್‌ಗೆ ವಾಪಸ್. ಉತ್ತರ ಮಾತ್ರ ಅದರಲ್ಲೇ ಕಾಯುತ್ತಾ ಕೂತಿರುತ್ತದೆ. ಮುಂದಿನವರು ಅದೇ ಕನೆಕ್ಷನ್‌ನಲ್ಲಿ ತಮ್ಮ ಪ್ರಶ್ನೆ ಕೇಳುತ್ತಾರೆ, ಹಿಂದಿನವರ ಉತ್ತರ ಪಡೆಯುತ್ತಾರೆ. ಅಪ್ಲಿಕೇಶನ್ ಕೇಳಿದ ಕೀ ಸರಿ, ಫಿಲ್ಟರ್ ಸರಿ, ಬಂದದ್ದು ಮಾತ್ರ ಬೇರೆಯವರದ್ದು. ಬಗ್ ಸರಿಪಡಿಸಿದ ಜೊತೆಗೆ, ಕ್ಯಾಶ್‌ನಿಂದ ಬಂದ ಡೇಟಾ ಕೇಳಿದವರದ್ದೇನಾ ಅಂತ ಇನ್ನೊಮ್ಮೆ ನೋಡುವ ತಪಾಸಣೆಯನ್ನೂ ಸೇರಿಸಿದರು. ಇದನ್ನು ಯಾರು ಬೇಕಾದರೂ ಮಾಡಬಹುದು: ಕ್ಯಾಶ್‌ನ ಕೀಯಲ್ಲಿ ಅಷ್ಟೇ ಅಲ್ಲ, ಒಳಗಿನ ಮೌಲ್ಯದಲ್ಲೂ ಮಾಲೀಕರ ಐಡಿ ಇಡಿ, ಓದಿದ ಮೇಲೆ ಹೋಲಿಸಿ.

ಹಾಗಾದರೆ ಈಗಿನ ಬಳಕೆದಾರ ಯಾರು ಅನ್ನುವ ಮಾಹಿತಿಯನ್ನು ಮೆಮೊರಿಯಲ್ಲಿ ಎಲ್ಲಿಡಬೇಕು? ಗ್ಲೋಬಲ್ ವೇರಿಯಬಲ್ ಅಂತೂ ಬೇಡ. ಪಿಎಚ್‌ಪಿಯ ಹಳೆಯ ಪದ್ಧತಿಯಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಎಲ್ಲ ಹೊಸದಾಗಿ ಶುರುವಾಗುತ್ತದೆ, ಹಾಗಾಗಿ ಅಲ್ಲಿ ಗ್ಲೋಬಲ್ ಇಟ್ಟರೂ ಬಚಾವ್. ಅದೇ ಕೋಡನ್ನು ಲಾರವೆಲ್ ಆಕ್ಟೇನ್‌ನಂಥ, ಪ್ರೋಸೆಸ್ ಬದುಕಿರುವ ವ್ಯವಸ್ಥೆಗೆ ಒಯ್ದರೆ ಹಳೆಯ ಅಭ್ಯಾಸ ಕೈಕೊಡುತ್ತದೆ. ನೋಡ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆಯಲ್ಲಿ) ಪುಟವನ್ನು ಸರ್ವರ್‌ನಲ್ಲೇ ತಯಾರಿಸುವವರು ಮಾಡ್ಯೂಲ್‌ನ ಮೇಲ್ಗಡೆ ಒಂದು ಸ್ಟೋರ್ ಮಾಡಿಟ್ಟರೆ ಅದು ಎಲ್ಲ ಬಳಕೆದಾರರಿಗೂ ಒಂದೇ. ಬ್ರೌಸರ್‌ನಲ್ಲಿ ಅದೇ ಕೋಡ್ ಸರಿಯಾಗಿತ್ತು ಅನ್ನುವುದೇ ಇಲ್ಲಿ ಮೋಸ ಮಾಡುತ್ತದೆ.

ಥ್ರೆಡ್ ಲೋಕಲ್ (ಪ್ರತಿ ಥ್ರೆಡ್‌ಗೂ ಬೇರೆಯಾಗಿರುವ ವೇರಿಯಬಲ್), ಒಂದು ರಿಕ್ವೆಸ್ಟ್‌ಗೆ ಒಂದು ಥ್ರೆಡ್ ಇರುವಲ್ಲಿ ನಡೆಯುತ್ತದೆ; ಥ್ರೆಡ್ ಪೂಲ್ ಇದ್ದರೆ ಕೊನೆಯಲ್ಲಿ ಅಳಿಸಲೇಬೇಕು. ಅಸಿಂಕ್ ಕೋಡ್‌ನಲ್ಲಿ ಒಂದೇ ಥ್ರೆಡ್ ಮೇಲೆ ಹತ್ತಾರು ರಿಕ್ವೆಸ್ಟ್‌ಗಳು ಸರದಿಯಲ್ಲಿ ಓಡುವುದರಿಂದ ಅದು ಕೆಲಸಕ್ಕೆ ಬಾರದು. ಅದಕ್ಕೇ ಪೈಥಾನ್ 3.7ರಲ್ಲಿ ಕಾಂಟೆಕ್ಸ್ಟ್‌ವಾರ್ಸ್, ನೋಡ್‌ನಲ್ಲಿ ಅಸಿಂಕ್ ಲೋಕಲ್ ಸ್ಟೋರೇಜ್ ಬಂದವು. ಲಾಗ್‌ನಲ್ಲಿ ಹೆಸರು ಹಾಕುವುದಕ್ಕೆ ಇವು ಸೊಗಸು. ಆದರೆ ಯಾರ ಡೇಟಾ ತೆಗೆಯಬೇಕು ಅನ್ನುವ ತೀರ್ಮಾನಕ್ಕೆ ನಾನು ಟೆನೆಂಟ್ ಐಡಿಯನ್ನು ಫಂಕ್ಷನ್‌ಗೆ ನೇರವಾಗಿ ಕೊಡುವ ಪಕ್ಷ. ಬರೆಯಲು ಬೇಜಾರು, ನಿಜ. ಕೊಡದಿದ್ದರೆ ಕೋಡ್ ಓಡುವುದೇ ಇಲ್ಲ, ಅದೇ ಲಾಭ.

ಉಳಿದ ಮೂಲೆಗಳು ಬೇಗ ಮುಗಿಯುತ್ತವೆ. ಲಾಗಿನ್ ಆದವರ ಪುಟಕ್ಕೆಲ್ಲ ಕ್ಯಾಶ್ ಕಂಟ್ರೋಲ್ ಹೆಡರ್‌ನಲ್ಲಿ ಪ್ರೈವೇಟ್ ಅಥವಾ ನೋ ಸ್ಟೋರ್ ಇರಲಿ. ಹಿನ್ನೆಲೆಯ ಜಾಬ್‌ಗಳಿಗೆ ಟೆನೆಂಟ್ ಐಡಿ ಜೊತೆಯಲ್ಲೇ ಹೋಗಲಿ. ಫೈಲ್‌ಗಳಿಗೆ ಸ್ವಲ್ಪ ಹೊತ್ತಿಗೆ ಮಾತ್ರ ನಡೆಯುವ ಸಹಿ ಮಾಡಿದ ಲಿಂಕ್ ಕೊಡಿ. ಸರ್ಚ್ ಇಂಡೆಕ್ಸ್‌ಗೂ ಅದೇ ಫಿಲ್ಟರ್ ಬೇಕು, ಜನ ಇದನ್ನು ಬಹಳ ಸಲ ಬಿಡುತ್ತಾರೆ.

ಕೊನೆಗೆ ಯಾವುದು ಆರಿಸಬೇಕು

ಸಾಮಾನ್ಯ ಜನರ ಆ್ಯಪ್, ಅಥವಾ ಚಿಕ್ಕ ಚಿಕ್ಕ ಗ್ರಾಹಕರು ಬಹಳ ಇದ್ದರೆ, ಮತ್ತು ಪೋಸ್ಟ್‌ಗ್ರೆಸ್ ಇದ್ದರೆ: ಒಂದೇ ಟೇಬಲ್, ಮೇಲೆ ರೋ ಲೆವೆಲ್ ಸೆಕ್ಯುರಿಟಿ, ಕೋಡ್‌ನಲ್ಲೂ ಫಿಲ್ಟರ್. ಎರಡೆರಡು ಯಾಕೆ ಅಂದರೆ ಒಂದು ತಪ್ಪಿದಾಗ ಇನ್ನೊಂದು ಇರಲಿ ಅಂತ. ಮೈಎಸ್‌ಕ್ಯೂಎಲ್ ಇದ್ದರೆ ಫ್ರೇಮ್‌ವರ್ಕ್‌ನ ಫಿಲ್ಟರ್, ಜೋಡಿ ಫಾರಿನ್ ಕೀ, ನೇರ ಎಸ್‌ಕ್ಯೂಎಲ್‌ಗೆ ಕಟ್ಟುನಿಟ್ಟಿನ ರಿವ್ಯೂ. ಗ್ರಾಹಕರು ಕೆಲವೇ, ಆದರೆ ದೊಡ್ಡವರು, "ನಮ್ಮ ಡೇಟಾ ಬೇರೆಯಾಗೇ ಇರಬೇಕು" ಅಂತ ಕರಾರಿನಲ್ಲೇ ಬರೆಸುವವರು ಅಂದರೆ ಪ್ರತ್ಯೇಕ ಡೇಟಾಬೇಸ್. ಎರಡೂ ಬಗೆಯವರು ಇದ್ದರೆ ಚಿಕ್ಕವರೆಲ್ಲ ಒಟ್ಟಿಗೆ, ದೊಡ್ಡವರು ಬೇರೆ. ಆಗ ಯಾವ ಟೆನೆಂಟ್ ಯಾವ ಡೇಟಾಬೇಸ್‌ನಲ್ಲಿದ್ದಾರೆ ಅಂತ ಹೇಳುವ ಒಂದು ಪಟ್ಟಿ ಮೊದಲ ದಿನದಿಂದಲೇ ಇರಲಿ, ಆ ದಿನ ಅದರಲ್ಲಿ ಎಲ್ಲರಿಗೂ ಒಂದೇ ಹೆಸರಿದ್ದರೂ ಪರವಾಗಿಲ್ಲ.

ಯಾವುದನ್ನೇ ಆರಿಸಿದರೂ ಒಂದು ಟೆಸ್ಟ್ ಬೇಕೇ ಬೇಕು. ಎರಡು ಟೆನೆಂಟ್ ಮಾಡಿ, ಇಬ್ಬರಿಗೂ ಡೇಟಾ ತುಂಬಿ. ಒಬ್ಬರಾಗಿ ಲಾಗಿನ್ ಆಗಿ, ಇನ್ನೊಬ್ಬರ ಐಡಿಗಳನ್ನು ಹಾಕಿ ಪ್ರತಿಯೊಂದು ರೂಟನ್ನೂ ಕರೆಯಿರಿ. ಎಲ್ಲದಕ್ಕೂ 404 ಬರಬೇಕು. ರೂಟ್‌ಗಳ ಪಟ್ಟಿಯನ್ನು ಕೈಯಲ್ಲಿ ಬರೆಯಬೇಡಿ, ಫ್ರೇಮ್‌ವರ್ಕ್‌ನಿಂದಲೇ ತೆಗೆಯಿರಿ. ಇಲ್ಲದಿದ್ದರೆ ನಾಳೆ ಸೇರುವ ರೂಟ್ ಟೆಸ್ಟ್‌ಗೆ ಸಿಗುವುದಿಲ್ಲ. ಪೋಸ್ಟ್‌ಗ್ರೆಸ್‌ನ ಪಾಲಿಸಿ ನಂಬಿದ್ದರೆ ಟೆಸ್ಟ್ ಕೂಡ ಅಪ್ಲಿಕೇಶನ್‌ನ ಆ ಕಡಿಮೆ ಅಧಿಕಾರದ ಬಳಕೆದಾರನ ಹೆಸರಿನಲ್ಲೇ ಓಡಲಿ. ಸೂಪರ್ ಯೂಸರ್ ಹೆಸರಿನಲ್ಲಿ ಓಡಿಸಿದರೆ ಪರೀಕ್ಷೆ ಆಗುತ್ತಿರುವುದು ಪಾಲಿಸಿ ಅಲ್ಲ, ಬರೀ ಕೋಡ್‌ನ ಫಿಲ್ಟರ್.

ಇವತ್ತು ಒಂದೇ ಟೇಬಲ್‌ನಲ್ಲಿ ಶುರು ಮಾಡಿ ಮುಂದೆ ಯಾರನ್ನಾದರೂ ಬೇರೆ ಡೇಟಾಬೇಸ್‌ಗೆ ಸಾಗಿಸುವ ಯೋಚನೆ ಇದ್ದರೆ, ಟೆನೆಂಟ್ ಐಡಿಯನ್ನು ಮುಖ್ಯ ಟೇಬಲ್‌ಗಳಲ್ಲಿ ಮಾತ್ರ ಅಲ್ಲ, ಅವುಗಳ ಕೆಳಗಿನ ಪ್ರತಿ ಟೇಬಲ್‌ನಲ್ಲೂ ಇಡಿ, ನಲ್ ಆಗದಂತೆ. ಇನ್‌ವಾಯ್ಸ್‌ನಲ್ಲಿ ಇದೆಯಲ್ಲ, ಅದರ ಸಾಲುಗಳಿಗೆ ಯಾಕೆ ಅಂತ ಅನಿಸುತ್ತದೆ. ಸಾಗಿಸುವ ದಿನ ಪ್ರತಿ ಟೇಬಲ್‌ಗೂ ಒಂದೇ ಸರಳ ಷರತ್ತು ಸಾಕಾಗುತ್ತದೆ, ನಾಲ್ಕು ಜಾಯಿನ್ ಹಾಕಿ ಇದು ಯಾರದು ಅಂತ ಹುಡುಕಬೇಕಾಗಿಲ್ಲ.